ಸೋರುವ ಗೋಡೆ

ಎರೆ ನೆಲವನ್ನು ಸೀಳಿಕೊಂಡು ಹರಿಯುವ ಹೊಳೆ. ಅದರ ಎತ್ತರದ ದಂಡೆಯ ಮೇಲೆ ರೇವಣಯ್ಯನವರ ಮಠ.

ಆ ಮಠದಲ್ಲಿ ಮಂತ್ರಕ್ಕಿಂತ ಸುತ್ತಿಗೆಯ ಸದ್ದೇ ಹೆಚ್ಚು. ರೇವಣಯ್ಯನವರು ಕಟ್ಟುವ ವಿದ್ಯೆ ಕಲಿಸುವ ಗುರು. ಮನೆ, ಬಾವಿ, ಹೊಳೆಯ ಮೆಟ್ಟಿಲು, ಎಲ್ಲವನ್ನೂ ಅವರ ಶಿಷ್ಯರು ಕಟ್ಟಬಲ್ಲವರಾಗಿದ್ದರು. ಗುರುವನ್ನು ಅವರು ಅಜ್ಜಾರು ಎಂದು ಕರೆಯುತ್ತಿದ್ದರು.

ದಂಡೆಯ ಕೆಳಗೆ, ಹೊಳೆಗೆ ಹತ್ತಿದ ತುಂಡು ಬಯಲಿನಲ್ಲಿ ಅಂಬಿಗರ ಮನೆಗಳಿದ್ದವು. ಹರಗೋಲಿನಲ್ಲಿ ಜನರನ್ನು ಆಚೆ ದಡಕ್ಕೆ ಮುಟ್ಟಿಸುವುದು ಅವರ ಕಸುಬು.

ಹೊಳೆ ಬರುವುದಿದ್ದರೆ ಅಂಬಿಗರಿಗೆ ಮೊದಲೇ ತಿಳಿಯುತ್ತಿತ್ತು. ಬೆನ್ನ ಹಿಂದಿನ ಮಣ್ಣು ಬರುವುದು ಮಾತ್ರ ತಿಳಿಯುತ್ತಿರಲಿಲ್ಲ.

ಹಿಂದಿನ ಮಳೆಗಾಲದಲ್ಲಿ ದಂಡೆ ಕುಸಿದು ನಿಂಬೆವ್ವ ಎಂಬ ಮುದುಕಿಯ ಹಿತ್ತಿಲು ಮುಚ್ಚಿಹೋಯಿತು. ಅಲ್ಲಿ ಕಟ್ಟಿದ್ದ ಆಡುಗಳು ಸತ್ತವು. ನೀರಿಗೆಂದು ಹೊಳೆಗೆ ಹೋಗಿದ್ದಕ್ಕೆ ನಿಂಬೆವ್ವ ಉಳಿದಳು.

ಬೇಸಿಗೆ ಬರುತ್ತಲೇ ಅವಳು ಕೋಲೂರಿಕೊಂಡು ಮಠಕ್ಕೆ ಏರಿ ಬಂದಳು.

"ಅಜ್ಜಾರ, ಊರೂರಿಗೆ ಗ್ವಾಡಿ ಕಟ್ಟಸ್ತೀರಿ. ನಿಮ್ಮ ಕಾಲ ಬುಡಕ ಇರೋ ನಾವು ಮಣ್ಣಾಗ ಹೋಗಬೇಕೇನ್ರಿ?"

ರೇವಣಯ್ಯನವರು ಎದ್ದು ನಿಂತು ಅವಳಿಗೆ ಕೈಮುಗಿದರು. ಆಮೇಲೆ ಹಿರಿಯ ಶಿಷ್ಯನ ಕಡೆ ತಿರುಗಿದರು.

"ಗೊಲ್ಲಾಳ, ಈ ಗ್ವಾಡಿ ನಿಂದು."

ಗೊಲ್ಲಾಳನ ಮುಖ ಅರಳಿತು. ಇಂಥ ಮಾತಿಗಾಗಿ ಅವನು ಬಹಳ ಕಾಲದಿಂದ ಕಾದಿದ್ದ.

ಮರುದಿನವೇ ದಂಡೆಯ ಬುಡದಲ್ಲಿ ಬುನಾದಿ ತೋಡಲು ಶುರುವಾಯಿತು. ಮೇಲೆ ಕರಿ ಎರೆ ಮಣ್ಣು. ಅದರ ಕೆಳಗೆ ಹಳದಿ ಬಣ್ಣದ ಗಟ್ಟಿ ಗರಸು. ಗುದ್ದಲಿ ಬಿದ್ದರೆ ಠಣ್ಣೆಂದು ಪುಟಿಯುತ್ತಿತ್ತು.

ಗೊಲ್ಲಾಳ ಓಡಿ ಹೋಗಿ ಗುರುವನ್ನು ಕರೆತಂದ.

"ಅಜ್ಜಾರ, ಗಟ್ಟಿ ನೆಲ ಸಿಕ್ಕೇತಿ. ನಾಳೆಯಿಂದ ಕಲ್ಲು ಕೂಡಸ್ತೀನ್ರಿ."

ರೇವಣಯ್ಯನವರು ಒಂದು ಹಾರೆ ತೆಗೆದು ಅವನ ಕೈಗೆ ಕೊಟ್ಟರು.

"ಕುಟ್ಟು."

ಕುಟ್ಟಿದ. ಹಾರೆ ಸದ್ದು ಮಾಡಿ ಹಿಂದಕ್ಕೆ ಬಂತು.

"ಕೇಳಿಸ್ತೇನ್ರಿ? ಕಲ್ಲಿನಂಗ ಐತಿ."

"ಅಲ್ಲೇ ಕುಟ್ಟು."

ಗೊಲ್ಲಾಳ ಅಲ್ಲೇ ಕುಟ್ಟುತ್ತಾ ಹೋದ. ಬೆವರು ಇಳಿಯಿತು. ಗುರು ಸಾಕು ಎನ್ನಲಿಲ್ಲ. ಒಮ್ಮೆಲೇ ಹಾರೆ ಅವನ ಕೈಯಿಂದ ಜಾರಿ ಮೊಣಕಾಲಿನಷ್ಟು ಆಳಕ್ಕೆ ಇಳಿದುಹೋಯಿತು. ಆ ತೂತಿನಿಂದ ಕೆಸರು ನೀರು ಮೇಲಕ್ಕೆದ್ದಿತು.

ಗೊಲ್ಲಾಳ ಬಗ್ಗಿ ತೂತಿಗೆ ಕೈ ಹಾಕಿ ನೋಡಿದ.

"ಹಾಲಿನ ಮ್ಯಾಲಿನ ಕೆನಿ ಇದು," ಎಂದರು ರೇವಣಯ್ಯನವರು. "ಕೆನಿ ಮ್ಯಾಲ ನೊಣ ಕುಂದ್ರತೈತಿ. ನೀ ಗ್ವಾಡಿ ಕುಂದ್ರಸಾಕ ಹೊಂಟಿದ್ದಿ."

"ಹಂಗಾದ್ರ ಗಟ್ಟಿ ನೆಲ ಎಷ್ಟು ಕೆಳಗೈತ್ರಿ?"

"ನನಗೇನು ಗೊತ್ತು? ನಾ ಕೆಳಗ ಹೋಗಿ ಬಂದೀನೇನು? ಕಂಬ ಇಳಸು. ಅದು ಹೋಗಿ ನೋಡತೈತಿ."

ಜಾಲಿ ಮರದ ಉದ್ದನೆಯ ಕಂಬಗಳು ಬಂದವು. ಗೊಲ್ಲಾಳ ಅವುಗಳ ತುದಿ ಚೂಪು ಮಾಡಿ ಕಬ್ಬಿಣದ ಮೊನೆ ಹಾಕಿಸಿದ. ಆದರೆ ಒಂದು ಅನುಮಾನ ಅವನನ್ನು ಕೊರೆಯುತ್ತಿತ್ತು.

"ಅಜ್ಜಾರ, ಮ್ಯಾಲ ಕಲ್ಲು, ಕೆಳಗ ಕಟಗಿ. ಕಟಗಿ ಕೊಳಿಯೂದಿಲ್ಲೇನ್ರಿ?"

ರೇವಣಯ್ಯನವರು ಅವನನ್ನು ಹೊಳೆಗೆ ಕರೆದುಕೊಂಡು ಹೋದರು. ಅಲ್ಲಿ ಹರಗೋಲು ಕಟ್ಟುವ ಹಳೆಯ ಗೂಟವೊಂದಿತ್ತು. ಅಂಬಿಗರ ತಾತಂದಿರು ನೆಟ್ಟದ್ದು.

"ಮ್ಯಾಲಿಂದ ಕೆಳಗಿನ ತನಕ ಕೈ ಆಡಸು."

ಗೊಲ್ಲಾಳ ಮೊಣಕಾಲು ಮಟ್ಟದ ನೀರಿಗಿಳಿದು ಗೂಟ ಮುಟ್ಟಿ ನೋಡಿದ. ನೀರು ಏರಿ ಇಳಿಯುವ ಕಡೆ ಕಟ್ಟಿಗೆ ಕೊಳೆತು ಬೆರಳಿಗೆ ಉದುರಿತು. ಸದಾ ಮುಳುಗಿರುವ ಕಡೆ ಕಬ್ಬಿಣದಂತೆ ಗಟ್ಟಿಯಾಗಿತ್ತು.

"ತಿಳೀತ್ರಿ," ಎಂದ. "ಕಂಬದ ತಲಿ ಬ್ಯಾಸಗಿ ನೀರಿಗಿಂತ ಕೆಳಗ ಇರಬೇಕು."

ಗುರು ತಲೆಯಾಡಿಸಿ ದಂಡೆ ಹತ್ತಿದರು. ಗೊಲ್ಲಾಳನಿಗೆ ಅಷ್ಟು ಸಾಕಾಯಿತು.

ಮೂರು ಕಾಲಿನ ಎತ್ತರದ ಚೌಕಟ್ಟು ನಿಂತಿತು. ಅದರ ತಲೆಯಿಂದ ಹಗ್ಗದಲ್ಲಿ ದೊಡ್ಡ ಗುಂಡುಕಲ್ಲು ತೂಗುಬಿದ್ದಿತು. ಶಿಷ್ಯರೂ ಅಂಬಿಗರೂ ಕೂಡಿ ಹಗ್ಗ ಜಗ್ಗಿ ಕಲ್ಲನ್ನು ಏರಿಸುತ್ತಿದ್ದರು, ಹಗ್ಗ ಬಿಡುತ್ತಿದ್ದರು. ಕಲ್ಲು ಕಂಬದ ತಲೆಗೆ ಬೀಳುತ್ತಿತ್ತು. ಮೊದಮೊದಲು ಕಂಬ ಏಟಿಗೆ ಒಂದು ಗೇಣು ಇಳಿಯಿತು. ಆಮೇಲೆ ಬೆರಳಷ್ಟು. ಸಂಜೆಯ ಹೊತ್ತಿಗೆ ಕೂದಲಿನಷ್ಟೂ ಇಳಿಯಲಿಲ್ಲ.

"ನಿಂತೇತ್ರಿ ಅಜ್ಜಾರ! ನೆಲ ಮುಟ್ಟೇತಿ!"

"ನಾಳೆ ಮುಂಜಾನೆ ಮತ್ತ ಕೇಳು."

"ಯಾರನ್ರಿ?"

"ಕಂಬನ್ನ. ಇವತ್ತು ನಿಂತೀನಿ ಅಂದದ್ದು ನಾಳೆನೂ ಹಂಗ ಅಂತೈತೇನು ಕೇಳು."

ಗೊಲ್ಲಾಳ ಒಳಗೊಳಗೇ ನಕ್ಕ. ಆದರೂ ಬೆಳಗಾಗುತ್ತಲೇ ಅದೇ ಕಂಬಕ್ಕೆ ಕಲ್ಲು ಬೀಳಿಸಿದ. ಕಂಬ ಮೆತ್ತಗೆ ಒಂದು ಹಿಡಿಯಷ್ಟು ಕೆಳಗೆ ಹೋಯಿತು.

ಹಗ್ಗ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾತ್ರಿಯೆಲ್ಲ ಕೆಳಗಿನ ಕೆಸರು ಬಿಗಿ ಸಡಿಲಿಸಿತ್ತು.

ಅಂದಿನಿಂದ ಗೊಲ್ಲಾಳ ಯಾವ ಕಂಬವನ್ನೂ ಒಂದೇ ದಿನದಲ್ಲಿ ನಂಬಲಿಲ್ಲ. ಹೊಡೆದ, ಬಿಟ್ಟ, ಮತ್ತೆ ಕೇಳಿದ. ಎರಡು ದಿನವೂ ಒಂದೇ ಮಾತು ಹೇಳಿದ ಕಂಬದ ತಲೆಯನ್ನು ಮಾತ್ರ ಬೇಸಿಗೆಯ ನೀರಿನ ಮಟ್ಟಕ್ಕಿಂತ ಕೆಳಗೆ ಕೊಯ್ದ. ಕೆಲಸ ನಿಧಾನವಾಯಿತು. ಅವನಿಗೆ ಬೇಸರವಾಗಲಿಲ್ಲ. ಕೆಳಗಿನ ನೆಲವನ್ನು ಕಣ್ಣಿಂದ ಕಂಡವನಂತೆ ಅವನು ಮಾತಾಡತೊಡಗಿದ.

ಕಂಬಗಳ ಮೇಲೆ ಹಾಸುಗಲ್ಲು ಬಿದ್ದವು. ಹಾಸುಗಲ್ಲಿನ ಮೇಲೆ ಗೋಡೆ ಎದ್ದಿತು. ಬುಡ ದಪ್ಪ, ತಲೆ ಸಣ್ಣ. ದಂಡೆಗೆ ತುಸು ಒರಗಿದಂತೆ ನಿಂತ ಗೋಡೆ.

ರೇವಣಯ್ಯನವರು ಒಂದು ಬಿದಿರಿನ ತುಂಡು ತಂದುಕೊಟ್ಟರು.

"ಇಷ್ಟು ದಪ್ಪನ್ನ ತೂತು ಬಿಡು, ಸಾಲು ಸಾಲಾಗಿ. ಹೊರಗಿನ ಕಡೆ ತುಸು ಇಳಿಜಾರ ಇರಲಿ. ಹಿಂದ ಜಲ್ಲಿ, ಅದರ ಹಿಂದ ಉಸುಕು ತುಂಬು."

"ಗಟ್ಟಿ ಗ್ವಾಡಿಗೆ ತೂತು ಯಾಕ್ರಿ?"

"ಮಣ್ಣು ಹಿಡಿ, ನೀರು ಬಿಡು."

ಗೊಲ್ಲಾಳ ಹೇಳಿದಂತೆಯೇ ಮಾಡಿದ. ಗೋಡೆ ಮುಗಿಯುವ ಹೊತ್ತಿಗೆ ದೂರದ ಊರೊಂದರಲ್ಲಿ ಬಾವಿ ಕುಸಿದ ಸುದ್ದಿ ಬಂತು. ರೇವಣಯ್ಯನವರು ಅತ್ತ ಹೊರಟುಹೋದರು.

ಗೋಡೆಯನ್ನು ನೋಡಲು ಜನ ಬಂದರು. ಅಂಬಿಗರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ನಿಂಬೆವ್ವ ಗೊಲ್ಲಾಳನನ್ನು ಕರೆದು ಸಜ್ಜೆ ರೊಟ್ಟಿ, ಮೀನಿನ ಸಾರು ಎಂದು ಎಲೆ ಹಾಕಿದಳು. ಮಠದವ ಮೀನು ತಿನ್ನುವುದಿಲ್ಲ ಎಂಬುದು ನೆನಪಾಗಿ ನಕ್ಕು, ಬೆಲ್ಲ ಕೊಟ್ಟಳು.

ಆಮೇಲೆ ಮೊದಲ ಮಳೆ ಬಿತ್ತು.

ತೂತುಗಳಿಂದ ನೀರು ತೊಟ್ಟಿಕ್ಕಿತು. ಬಿಳಿ ಕಲ್ಲಿನ ಮೋರೆಯ ಮೇಲೆ ಎರೆ ಮಣ್ಣಿನ ಕರಿ ಗೆರೆಗಳು ಇಳಿದವು. ಹರಗೋಲಿನಲ್ಲಿ ದಾಟುವವರು ತಲೆಯೆತ್ತಿ ನೋಡಿದರು.

"ಇದೇನಪಾ, ಹೊಸಾ ಗ್ವಾಡಿ, ಆಗಲೇ ಸೋರಾಕತ್ತೇತಿ!"

"ಯಾರು ಕಟ್ಟಿದ್ದು?"

"ಮಠದ ಗೊಲ್ಲಾಳಂತ."

ದಂಡೆಯ ಮೇಲೆ ನಿಂತಿದ್ದ ಗೊಲ್ಲಾಳನಿಗೆ ಅದು ಕೇಳಿಸಿತು. ಮರುದಿನ ಬೇರೆ ಯಾರೋ ಅದನ್ನೇ ಅಂದರು. ಅದರ ಮಾರನೆಯ ದಿನ ಯಾರೂ ಏನೂ ಅನ್ನಲಿಲ್ಲ. ಆದರೂ ಅವನಿಗೆ ಕೇಳಿಸಿತು.

ಕಂಬಗಳು ನೆಲದೊಳಗಿದ್ದವು. ಅವನ್ನು ಯಾರೂ ಕಾಣುವಂತಿರಲಿಲ್ಲ. ಎಲ್ಲರ ಕಣ್ಣಿಗೆ ಬೀಳುತ್ತಿದ್ದುದು ಕರಿ ಗೆರೆಗಳು ಮಾತ್ರ.

ಒಂದು ಮಧ್ಯಾಹ್ನ ಅವನು ಗಾರೆ ಕಲಸಿದ. ಒಂದೊಂದೇ ತೂತಿಗೆ ಕಲ್ಲಿನ ಚೂರು ತುರುಕಿ, ಗಾರೆ ಬಡಿದು ನುಣ್ಣಗೆ ಮಾಡಿದ. ಕರಿ ಗೆರೆಗಳನ್ನು ತಿಕ್ಕಿ ತೊಳೆದ. ಗೋಡೆ ಥಳಥಳಿಸಿತು.

"ಅವ್ವಾ, ಇನ್ನ ಒಂದು ಹನಿ ಬರೂದಿಲ್ಲ," ಎಂದು ನಿಂಬೆವ್ವನಿಗೆ ಹೇಳಿದ. "ಬೇಕಾದ್ರ ಹೊರಸು ಗ್ವಾಡಿಗೆ ಹಚ್ಚಿ ಮಲಗು."

ನಿಂಬೆವ್ವ ಹಿತ್ತಿಲ ಚಪ್ಪರದ ಕೆಳಗೆ ಹೊರಸನ್ನು ಗೋಡೆಗೆ ಹಚ್ಚಿದಳು.

ಜಡಿಮಳೆ ಹಿಡಿಯಿತು. ದಿನಗಟ್ಟಲೆ ಬಿಡಲಿಲ್ಲ. ಮಠದ ಅಂಗಳ ಕೆಸರಾಯಿತು, ಹೊಲಗಳು ಕೆರೆಯಾದವು. ಗೋಡೆಯ ತೂತುಗಳಿಂದ ಒಂದು ಹನಿಯೂ ಬರಲಿಲ್ಲ. ಕೆಂಪು ನೀರು ತುಂಬಿಕೊಂಡು ಹೊಳೆ ಹರಿಯುತ್ತಿತ್ತು, ಆದರೆ ದಡ ಮೀರಲಿಲ್ಲ.

ಒಂದು ಮುಂಜಾನೆ ಮಳೆ ನಿಂತು ಬಿಸಿಲು ಬಿದ್ದಿತು. ಮೊದಲ ಹರಗೋಲಿನಲ್ಲೇ ರೇವಣಯ್ಯನವರು ಬಂದಿಳಿದರು. ಬಿಸಿಲಿಗೆ ಗೋಡೆಯ ಮೋರೆ ಒಣಗಿ ಹೊಳೆಯುತ್ತಿತ್ತು.

ಗೊಲ್ಲಾಳ ಓಡಿ ಬಂದು ಪಾದ ಮುಟ್ಟಿದ.

"ಗ್ವಾಡಿ ಯಾಕ ಒಣಗೇತಿ?" ಎಂದರು ಗುರು.

"ಸೋರ್ತಿತ್ರಿ. ಮಂದಿ ನಗತಿದ್ರು. ಮುಚ್ಚೀನ್ರಿ."

ಗುರು ಬೈಯಲಿಲ್ಲ. ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟರು. ಆಮೇಲೆ ಉದ್ದನೆಯ ದಾರ ತರಿಸಿ ಒಂದು ತುದಿಯನ್ನು ಗೊಲ್ಲಾಳನಿಗೆ ಕೊಟ್ಟರು.

"ಆ ಮೂಲಿಗೆ ಹೋಗು. ಎದಿ ಮಟ್ಟಕ್ಕ ಗ್ವಾಡಿಗೆ ಹಚ್ಚಿ ಬಿಗಿ ಹಿಡಿ."

ಅವನು ಹಿಡಿದ. ಈ ಮೂಲೆಯಲ್ಲಿ ಗುರು ಹಿಡಿದರು. ಗೋಡೆಗೆ ಹತ್ತಿ ನೆಟ್ಟಗೆ ನಿಲ್ಲಬೇಕಿದ್ದ ದಾರ ನಡುವೆ ಬಿಲ್ಲಿನಂತೆ ಬಾಗಿತ್ತು. ಗೋಡೆಗೆ ಹೊಟ್ಟೆ ಬಂದಿತ್ತು.

ಗೊಲ್ಲಾಳನ ಕೈಯಿಂದ ದಾರ ಬಿತ್ತು. ದಂಡೆಯ ಮೇಲಕ್ಕೆ ಓಡಿದ. ಗೋಡೆಯ ಹಿಂದೆ, ನೆಲದಲ್ಲಿ, ಗೋಡೆಯ ಉದ್ದಕ್ಕೂ ಒಂದು ಬಿರುಕು ಬಿಟ್ಟಿತ್ತು. ಅದರಲ್ಲಿ ಅವನ ಬೆರಳು ಇಳಿಯಿತು.

ಓಡುತ್ತಲೇ ಕೆಳಗೆ ಬಂದ. "ಅಜ್ಜಾರ, ಮರದ ದಿಮ್ಮಿ ತಂದು ಆನಸೋಣ್ರಿ. ಗ್ವಾಡಿಗೆ ಆಸರ ಕೊಡೋಣ್ರಿ."

"ಹೊಟ್ಟಿ ಉಬ್ಬಿದಾಂವಗ ನಡಕಟ್ಟು ಬಿಗೀತಿಯೇನು?"

ಗೊಲ್ಲಾಳ ಸುತ್ತಿಗೆ ತರಲು ತಿರುಗಿದ.

"ಮೊದಲ ಮಂದಿ," ಎಂದರು ಗುರು. "ಆಮ್ಯಾಲ ಗ್ವಾಡಿ. ಕರಿ ಎಲ್ಲಾರನ್ನ."

ಗೊಲ್ಲಾಳ ಮನೆಮನೆಗೆ ಓಡಿದ. ಅಂಬಿಗರು ಮಕ್ಕಳನ್ನೂ ಕೋಳಿಗಳನ್ನೂ ಎತ್ತಿಕೊಂಡು ದಂಡೆ ಹತ್ತಿದರು. ನಿಂಬೆವ್ವ ಮಾತ್ರ ಹೊರಸಿನಿಂದ ಏಳಲಿಲ್ಲ.

"ಏಳವ್ವಾ, ಮಠಕ್ಕ ನಡಿ."

"ಯಾಕ? ಹೊಳಿ ಬರೂದಿಲ್ಲ ಇವತ್ತು. ನನಗ ಗೊತ್ತೈತಿ."

"ಹೊಳಿ ಅಲ್ಲ. ಗ್ವಾಡಿ."

"ಗ್ವಾಡಿಗೇನಾಗೇತಿ? ಹೊರಸು ಹಚ್ಚು ಅಂದಾಂವ ನೀನ ಅಲ್ಲೇನು?"

ಗೊಲ್ಲಾಳ ಅವಳ ಮುಂದೆ ನೆಲದ ಮೇಲೆ ಕುಳಿತುಬಿಟ್ಟ.

"ತಪ್ಪಿ ಹೇಳಿದ್ದೆ, ಅವ್ವಾ. ಮಂದಿ ನಗತಾರ ಅಂತ ತೂತು ಮುಚ್ಚಿದೆ. ಈಗ ನೀರು ಹಿಂದ ನಿಂತು ಗ್ವಾಡಿ ನೂಕಾಕತ್ತೇತಿ. ಬೀಳಬಹುದು."

ನಿಂಬೆವ್ವ ಹೊರಸಿನ ಮೇಲೆ ಎದ್ದು ಕುಳಿತಳು. ಆಮೇಲೆ ಕೋಲಿಗಾಗಿ ಕೈ ಚಾಚಿದಳು.

"ಮೊದಲ ಹಿಂಗ ಹೇಳಬಾರದೇನು? ಎಬ್ಬಿಸು."

ಅವಳನ್ನು ಬೆನ್ನ ಮೇಲೆ ಹೊತ್ತು ಅವನು ದಂಡೆ ಹತ್ತಿದ.

ಮೇಲೆ ಉಳಿದ ಶಿಷ್ಯರು ಆಗಲೇ ಕೆಲಸಕ್ಕಿಳಿದಿದ್ದರು. ಅಂಗಳದ ನೀರು ಗೋಡೆಯ ಕಡೆ ಬಾರದಂತೆ ಕಾಲುವೆ ತೋಡಿದರು. ಬಿರುಕಿಗೆ ಮಣ್ಣು ತುಂಬಿ ತುಳಿದರು. ಗೋಡೆಯ ತಲೆಯ ಹಿಂದೆ ಗುಡ್ಡೆ ಹಾಕಿದ್ದ ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ದೂರ ಹೊತ್ತರು.

ಗೊಲ್ಲಾಳ ಚಾಣ, ಸುತ್ತಿಗೆ ತೆಗೆದುಕೊಂಡು ಗೋಡೆಯ ಮುಂದಕ್ಕೆ ಇಳಿದ. ಹಿಂದೆಯೇ ಗುರು ಇಳಿದರು.

"ನೀವು ಬ್ಯಾಡ್ರಿ ಅಜ್ಜಾರ. ಮ್ಯಾಲ ಇರ್ರಿ. ತಪ್ಪು ನಂದು."

"ಕಟ್ಟಿದಾಂವ ನೀ. ಕಲಿಸಿದಾಂವ ನಾ. ಏಣಿ ಹಿಡೀತೀನಿ, ಹತ್ತು."

ಮೂಲೆಯ ಕಡೆಯಿಂದ, ಮೇಲಿನ ಸಾಲಿನ ಮೊದಲ ತೂತಿಗೆ ಅವನು ಚಾಣ ಇಟ್ಟ. ಎರಡೇ ಏಟಿಗೆ ಗಾರೆ ಬಿರಿಯಿತು.

"ತೂತಿನ ಎದುರು ನಿಲ್ಲಬ್ಯಾಡ. ಮಗ್ಗಲಿಗೆ ಬಾ."

ಅವನು ಪಕ್ಕಕ್ಕೆ ಸರಿದು ಮತ್ತೊಂದು ಏಟು ಹಾಕಿದ. ಕಲ್ಲಿನ ಚೂರು ಕವಣೆಯಿಂದ ಬಿಟ್ಟಂತೆ ಹಾರಿಹೋಗಿ, ಗೋಡೆಯಿಂದ ದೂರ ಎಳೆದಿಟ್ಟಿದ್ದ ನಿಂಬೆವ್ವನ ಹೊರಸಿಗೆ ಬಡಿಯಿತು. ಅದರ ಹಿಂದೆಯೇ ಕರಿ ನೀರು ಚಿಮ್ಮಿತು.

ಒಂದಾದ ಮೇಲೆ ಒಂದು. ಮೇಲಿನ ಸಾಲು ಮುಗಿದ ಮೇಲೆ ನಡುವಿನದು. ಅದರ ನೀರಿನ ರಭಸ ತಗ್ಗುವ ತನಕ ಗುರು ಕೆಳಗಿನ ಸಾಲಿಗೆ ಕೈಹಾಕಗೊಡಲಿಲ್ಲ. ಗೋಡೆ ಒಮ್ಮೆ ಒಳಗಿನಿಂದ ಕಟಕ್ಕೆಂದಿತು. ಗೊಲ್ಲಾಳ ಚಾಣ ಹಿಂತೆಗೆದು ಗುರುವಿನ ಮುಖ ನೋಡಿದ.

"ಏನ್ರಿ ಅದು?"

"ಮೈ ಸಡಿಲ ಮಾಡಾಕತ್ತೇತಿ. ಹೊಡಿ."

ಕೆಳಗಿನ ಸಾಲು ತೆರೆದಾಗ ಇಬ್ಬರೂ ತಲೆಯಿಂದ ಕಾಲಿನ ತನಕ ಕೆಸರಾಗಿದ್ದರು. ಗೋಡೆಯ ತುಂಬ ನೀರಿನ ದಾರಗಳು. ಗೊಲ್ಲಾಳ ಏಣಿ ಇಳಿದು ಹೋಗಲು ಅಣಿಯಾದ. ಗುರು ಕದಲಲಿಲ್ಲ. ತೂತಿನ ಕೆಳಗೆ ಬೊಗಸೆ ಒಡ್ಡಿ ನೀರು ಹಿಡಿದು ನೋಡುತ್ತಿದ್ದರು.

"ಇನ್ನೇನು ಕಾಯಾಕತ್ತೀರಿ?"

"ಕರಿ ನೀರು ಬಂದ್ರ ಮಣ್ಣು ಹೊಂಟೇತಿ ಅಂತ. ತಿಳಿ ನೀರು ಬಂದ್ರ ನೀರಷ್ಟ ಹೊಂಟೇತಿ ಅಂತ."

ಇಬ್ಬರೂ ಕಾದರು. ಹೊತ್ತು ಇಳಿಯುವ ಹೊತ್ತಿಗೆ ಗುರುವಿನ ಬೊಗಸೆಯಲ್ಲಿ ಅವರ ಕೈಯ ಗೆರೆಗಳು ಕಾಣಿಸಿದವು.

ಮತ್ತೆ ದಾರ ಹಿಡಿದರು. ಹೊಟ್ಟೆ ಮುಂಜಾನೆಯಷ್ಟೇ ಇತ್ತು, ಹೆಚ್ಚಾಗಿರಲಿಲ್ಲ. ಬುಡದ ಸಾಲಿಗೆ ಹಿಡಿದರು. ಅಲ್ಲಿ ದಾರ ನೆಟ್ಟಗೆ ನಿಂತಿತು. ಬುಡ ಒಂದು ಕೂದಲೂ ಕದಲಿರಲಿಲ್ಲ.

"ಕಂಬ ತಮ್ಮ ಮಾತು ಉಳಿಸ್ಯಾವ," ಎಂದರು ರೇವಣಯ್ಯನವರು.

ಆ ಮಳೆಗಾಲವೆಲ್ಲ ಅಂಬಿಗರು ಮಠದ ಪಡಸಾಲೆಯಲ್ಲೇ ಉಳಿದರು.

ಮರುದಿನ ಗೊಲ್ಲಾಳ ಚಾಣ, ಸುತ್ತಿಗೆಗಳನ್ನು ತೊಳೆದು ತಂದು ಗುರುವಿನ ಪಾದದ ಹತ್ತಿರ ಇಟ್ಟ.

"ನಾ ಊರಿಗೆ ಹೋಗ್ತೀನ್ರಿ. ಈ ವಿದ್ಯೆ ನನಗ ಅಲ್ಲ."

"ಹೋಗು. ಆದ್ರ ಗ್ವಾಡಿ ನಡುವಿನ ಹೊಟ್ಟಿ ಹಂಗ ಬಿಡಾಕ ಬರೂದಿಲ್ಲ. ಮಳಿಗಾಲ ಮುಗದ ಮ್ಯಾಲ ಅಷ್ಟು ಭಾಗ ಬಿಚ್ಚಿ ಕಟ್ಟಬೇಕು. ಯಾರು ಕಟ್ಟತಾರ?"

ಗೊಲ್ಲಾಳ ಕೆಳಗಿನ ಗೋಡೆಯತ್ತ ನೋಡಿದ. 

"ನಾನ ಕಟ್ಟಬೇಕ್ರಿ."

"ಮತ್ತ ಇವನ್ನ ಇಲ್ಲಿ ಯಾಕ ಇಟ್ಟಿ? ದಾರ್ಯಾಗ ಯಾರರ ಎಡವತಾರ."

ಗೊಲ್ಲಾಳ ಚಾಣ, ಸುತ್ತಿಗೆ ಎತ್ತಿಕೊಂಡ.

ಮಳೆಗಾಲ ಮುಗಿಯಿತು. ಉಬ್ಬಿದ ಭಾಗವನ್ನು ಮೇಲಿನಿಂದ ಒಂದೊಂದೇ ಕಲ್ಲಾಗಿ ಅವನು ಇಳಿಸಿದ. ಹಿಂದಿನ ಜಲ್ಲಿಯನ್ನು ತೆಗೆದು ತೊಳೆದು ಮತ್ತೆ ತುಂಬಿದ. ಹೊಸ ಕಲ್ಲು ಕೂಡಿಸಿದ. ಈ ಸಲ ತೂತುಗಳಿಗೆ ಬಿದಿರು ಯಾರೂ ತಂದುಕೊಡಬೇಕಾಗಲಿಲ್ಲ. ಮೊದಲಿಗಿಂತ ಒಂದು ಸಾಲು ಹೆಚ್ಚೇ ಬಿಟ್ಟ.

ನಿಂಬೆವ್ವ ತನ್ನ ಮನೆಗೆ ಮರಳಿದಳು. ಹೊರಸು ಹಿಡಿದು ನಿಂತು ಕೇಳಿದಳು.

"ಈಗ ಗ್ವಾಡಿಗೆ ಹಚ್ಚಲೇನು?"

"ಹಚ್ಚಬ್ಯಾಡವ್ವಾ, ಹೊರಸು ತೊಯ್ತೈತಿ," ಎಂದ ಗೊಲ್ಲಾಳ. "ತೂತಿನ ಮ್ಯಾಲ ಒಂದು ಕಣ್ಣಿಟ್ಟಿರು. ಮಳಿಯಾಗ ನೀರು ಬರೂದು ನಿಂತ್ರ ಅವತ್ತ ನನ್ನ ಕೂಗು."

"ಸೋರಿದ್ರ?"

"ಸೋರಿದ್ರ ಆರಾಮ ಮಲಗು."

ಮುಂದಿನ ವರ್ಷದ ಮಳೆಯಲ್ಲಿ ಗೋಡೆಯ ಮೋರೆಗೆ ಮತ್ತೆ ಕರಿ ಗೆರೆಗಳು ಮೂಡಿದವು. ಯಾರೂ ತಿಕ್ಕಿ ತೊಳೆಯಲಿಲ್ಲ. ದಂಡೆ ಒಂದು ಹಿಡಿ ಮಣ್ಣನ್ನೂ ಬಿಡಲಿಲ್ಲ.

ಮಳೆ ಹಿಂದೆಗೆಯುವ ಹೊತ್ತಿಗೆ ಹೊಳೆಯ ಮೇಲ್ಗಡೆಯ ಊರೊಂದರಿಂದ ನಾಲ್ಕಾರು ಹಿರಿಯರು ಹರಗೋಲಿನಲ್ಲಿ ಬಂದಿಳಿದರು. ಅವರ ಊರಿನ ದಂಡೆಯೂ ಕುಸಿಯತೊಡಗಿತ್ತು. ಅವರಲ್ಲೊಬ್ಬ ತಲೆಯೆತ್ತಿ ಗೋಡೆಯನ್ನು ನೋಡಿದ. ಪಕ್ಕದಲ್ಲಿ ಹಗ್ಗ ಸುತ್ತುತ್ತಿದ್ದ ಗೊಲ್ಲಾಳನನ್ನು ಕೇಳಿದ.

"ತಮ್ಮಾ, ಇದು ಸೋರಾಕತ್ತೇತಲ್ಲೋ?"

"ಹೌದ್ರಿ, ಸೋರತೈತಿ," ಎಂದ ಗೊಲ್ಲಾಳ. "ನಾನ ಕಟ್ಟಿದ್ದು."

ಅವರು ಅವನನ್ನು ವಿಚಿತ್ರವಾಗಿ ನೋಡಿ ಮಠಕ್ಕೆ ಏರಿದರು. ರೇವಣಯ್ಯನವರ ಮುಂದೆ ತಮ್ಮ ಕಷ್ಟ ಹೇಳಿಕೊಂಡರು.

"ನಮ್ಮ ದಂಡಿಗೆ ಒಂದು ಗ್ವಾಡಿ ಆಗಬೇಕ್ರಿ ಅಜ್ಜಾರ. ನಿಮ್ಮ ಶಿಷ್ಯರಾಗ ಚಲೋ ಒಬ್ಬಾಂವನ್ನ ಕಳಸ್ರಿ. ಗ್ವಾಡಿ ಕೆಳಗ ನಮ್ಮ ಮಕ್ಕಳು ಮಲಗತಾವು. ಎಂದೂ ತಪ್ಪು ಮಾಡಿರದಾಂವ ಬೇಕು."

ರೇವಣಯ್ಯನವರು ಗೊಲ್ಲಾಳನನ್ನು ಕರೆಸಿದರು.

"ಇವರ ಜೋಡಿ ಹೋಗು."

ಗೊಲ್ಲಾಳ ಬಾಗಿಲಲ್ಲೇ ನಿಂತ. "ಅಜ್ಜಾರ, ತಪ್ಪು ಮಾಡಿರದಾಂವ ಬೇಕು ಅಂದಾರ ಅವರು."

ಹಿರಿಯರು ಗೊಂದಲದಿಂದ ಗುರುವಿನ ಮುಖ ನೋಡಿದರು.

"ಗ್ವಾಡಿ ಕಟ್ಟೋರು ನನ್ನ ಹತ್ರ ಭಾಳ ಮಂದಿ ಅದಾರ," ಎಂದರು ರೇವಣಯ್ಯನವರು. "ತಾ ಕಟ್ಟಿದ ಗ್ವಾಡಿಗೆ ತಾನ ತೂತು ಹೊಡದಾಂವ ಇಂವ ಒಬ್ಬನ."